ಬೆವರು ಇಳಿದರೆ ಸಾಲದು, ಆರಬೇಕು

ಕಲಬುರಗಿ, ವಿಜಯಪುರ ಕಡೆಯ ನೆಂಟರು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮುಂಬಯಿಗೆ ಬಂದರೆ ಎರಡನೇ ದಿನಕ್ಕೆಲ್ಲ ಒಂದು ಮಾತು ಬಂದೇ ತೀರುತ್ತದೆ: “ನಮ್ಮ ಕಡಿ ನಲವತ್ತೊಂದು, ನಲವತ್ತೆರಡರ ಬಿಸಲಿರ್ತದ. ಆದ್ರೂ ಹಿಂಗ ಜೀವ ಹಣ್ಣಾಗಂಗಿಲ್ರಿ.” ಅವರು ಹಾಗೆ ಹೇಳುವಾಗ ಮುಂಬಯಿಯ ಉಪನಗರ ವಿಲೆ ಪಾರ್ಲೆಯಲ್ಲಿ ತಾಪ 33 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಇರುತ್ತದೆ. ಅವರ ಊರಿಗಿಂತ ಎಂಟು ಡಿಗ್ರಿ ಕಡಿಮೆ. ಆದರೂ ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡು, ಉಸಿರು ಭಾರವಾಗಿ, ಎಲ್ಲಾದರೂ ಕೂತುಬಿಡೋಣ ಅನ್ನಿಸುತ್ತದೆ.

ಕಾರಣವೇನೆಂದು ಇಲ್ಲಿಯ ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿದೆ: “ಇಲ್ಲಿ ಹ್ಯುಮಿಡಿಟಿ ಜಾಸ್ತಿ.” ಉತ್ತರ ಸರಿ, ಆದರೆ ಅರ್ಧಕ್ಕೇ ನಿಂತಿದೆ. ಗಾಳಿಯಲ್ಲಿ ಕಣ್ಣಿಗೆ ಕಾಣದಂತೆ ಬೆರೆತ ನೀರು ನಮ್ಮ ಮೈಗೆ ಮಾಡುವುದಾದರೂ ಏನು? ತಾಪ ಕಡಿಮೆಯಿದ್ದೂ ಸೆಕೆ ಹೆಚ್ಚಾಗುವುದು ಹೇಗೆ?

ಮನೆಯಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಭಾನುವಾರ ವಿಲೆ ಪಾರ್ಲೆಯಲ್ಲಿ ಸ್ಲೋ ಲೋಕಲ್ ಹತ್ತಿ, ಬೋರಿವಲಿಯಲ್ಲಿ ಇಳಿದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡುದಾರಿ ಹಿಡಿಯುವವರಿಗೆ ಮಾತ್ರ ಇದು ಜೀವದ ಪ್ರಶ್ನೆ. ಕೋಟಿಗೂ ಮೀರಿದ ಜನರ ಊರಿಗೆ ಅಂಟಿಕೊಂಡೇ ಸುಮಾರು 104 ಚದರ ಕಿಲೋಮೀಟರ್ ಕಾಡು ಉಳಿದಿರುವುದು ಮುಂಬಯಿಯ ದೊಡ್ಡ ಭಾಗ್ಯ. ತುಳಸಿ, ವಿಹಾರ್ ಕೆರೆಗಳು, ಕಾನ್ಹೇರಿ ಗುಹೆಗಳು, ಶಿಲೊಂಡಾದ ಹಳ್ಳದ ದಾರಿ, ಚಿರತೆಗಳು ಎಲ್ಲವೂ ಅದರೊಳಗಿವೆ. ಆದರೆ ಈ ಗುಡ್ಡಗಳು ಎತ್ತರದವಲ್ಲ. ಅತ್ಯಂತ ಎತ್ತರದ ನೆತ್ತಿ ಕೂಡ 500 ಮೀಟರ್ ಮುಟ್ಟುವುದಿಲ್ಲ. ಕುದುರೆಮುಖ ಅಥವಾ ಕುಮಾರ ಪರ್ವತ ಹತ್ತುವವರಿಗೆ ಮೇಲೇರಿದಂತೆ ತಂಪು ಸಿಗುತ್ತದಲ್ಲ, ಆ ಅನುಕೂಲ ಇಲ್ಲಿಲ್ಲ. ಗುಡ್ಡದ ಚಾರಣದ ಶ್ರಮವನ್ನೆಲ್ಲ ಕರಾವಳಿಯ ಸೆಕೆಯಲ್ಲೇ ಪಡಬೇಕು.

ನಡೆದರೆ ಹುಟ್ಟುವ ಬಿಸಿ

ಸುಮ್ಮನೆ ಕೂತ ಮನುಷ್ಯನ ಮೈ 90ರಿಂದ 100 ವಾಟ್‌ನಷ್ಟು ಬಿಸಿಯನ್ನು ಹೊರಹಾಕುತ್ತಲೇ ಇರುತ್ತದೆ. ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬಿನ ಪಕ್ಕ ಕೈ ಹಿಡಿದವರಿಗೆ ಆ ಬಿಸಿಯ ಅಂದಾಜು ಇರುತ್ತದೆ. ಏರುದಾರಿಯಲ್ಲಿ ಹೆಜ್ಜೆ ಹಾಕಿದರೆ ಇದು ನಾಲ್ಕು ಪಟ್ಟಾಗುತ್ತದೆ. ನಮ್ಮ ಸ್ನಾಯುಗಳು ಅಷ್ಟು ಮಿತವ್ಯಯಿಗಳಲ್ಲ. ಅನ್ನ, ರೊಟ್ಟಿಗಳಿಂದ ಪಡೆದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ಬಳಸಿ, ಉಳಿದ ಮುಕ್ಕಾಲನ್ನು ಬಿಸಿಯಾಗಿ ಬಿಟ್ಟುಬಿಡುತ್ತವೆ.

ಈ ಬಿಸಿ ಹೊರಹೋಗದೆ ಒಳಗೇ ಉಳಿದರೆ ಏನಾದೀತು ಎಂದು ಲೆಕ್ಕ ಹಾಕಬಹುದು. 60 ಕಿಲೋ ತೂಕದವರು ಗುಡ್ಡ ಹತ್ತುತ್ತಿದ್ದರೆ ಸುಮಾರು ಹತ್ತು ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈಯ ತಾಪ ಏರುತ್ತದೆ. 37ರಲ್ಲಿ ಹೊರಟವರು ಅರ್ಧ ಗಂಟೆಯಲ್ಲಿ 40 ದಾಟುತ್ತಾರೆ. ಒಳಮೈಯ ತಾಪ 40 ದಾಟಿ ಬುದ್ಧಿ ಮಂಕಾಗತೊಡಗಿದರೆ ವೈದ್ಯರು ಅದನ್ನು ಹೀಟ್ ಸ್ಟ್ರೋಕ್ ಎಂದು ಕರೆಯುತ್ತಾರೆ. ನಮ್ಮಲ್ಲಿ ಬಹುಪಾಲು ಮಂದಿಗೆ ಹಾಗಾಗುವುದಿಲ್ಲವೆಂದರೆ, ಹುಟ್ಟಿದ ಬಿಸಿಯೆಲ್ಲ ಅಷ್ಟೇ ವೇಗದಲ್ಲಿ ಹೊರಬೀಳುತ್ತಿದೆ ಎಂದರ್ಥ.

ಅದು ಹೊರಬೀಳುವ ದಾರಿಗಳು ಮೂರು. ಮೈಗಿಂತ ತಂಪಾದ ಗಾಳಿ ತಾಗಿದರೆ ಬಿಸಿ ಗಾಳಿಗೆ ಹೋಗುತ್ತದೆ. ಸುತ್ತಲಿನ ನೆಲ, ಗೋಡೆ, ಬಂಡೆಗಳು ಮೈಗಿಂತ ತಂಪಾಗಿದ್ದರೆ ಮುಟ್ಟದೆಯೇ ಅವುಗಳತ್ತ ಪ್ರಸರಿಸುತ್ತದೆ. ಬೆವರು ಆರಿದರೆ ಆ ಆವಿಯೊಂದಿಗೆ ಹೋಗುತ್ತದೆ. ಸೆಕೆಯಲ್ಲಿ ನಮ್ಮ ಚರ್ಮದ ತಾಪ ಸುಮಾರು 35 ಡಿಗ್ರಿ. ಹೊರಗಿನ ಗಾಳಿ 33 ಇದ್ದರೆ ಮೊದಲ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಬಂಡೆ ಬಿಸಿಲಿಗೆ ಕಾದಿದ್ದರೆ ಎರಡನೆಯದೂ ಮುಚ್ಚಿತು. ಕಲಬುರಗಿಯ 41ರಲ್ಲಂತೂ ಈ ಎರಡು ದಾರಿಗಳಲ್ಲಿ ಬಿಸಿ ಹೊರಗಿನಿಂದ ಒಳಗೆ ಬರುತ್ತದೆ. ಹಾಗಾಗಿ ಎರಡೂ ಊರಲ್ಲಿ ಜೀವ ಉಳಿಸುವುದು ಬೆವರೊಂದೇ.

ಮಡಕೆ ಹೇಳುವ ಸತ್ಯ

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆಂಬುದು ಎಲ್ಲರಿಗೂ ಗೊತ್ತು. ಮಡಕೆಯ ಗೋಡೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಗೆ ಬಂದು ಅಲ್ಲಿ ಆವಿಯಾಗುತ್ತದೆ. ನೀರು ಆವಿಯಾಗಬೇಕಾದರೆ ಅದಕ್ಕೆ ತುಂಬ ಬಿಸಿ ಬೇಕು. ಆ ಬಿಸಿಯನ್ನು ಅದು ಮಡಕೆಯಿಂದಲೇ, ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಹೊತ್ತೊಯ್ಯುವ ಬಿಸಿ ಸುಮಾರು 580 ಕಿಲೋಕ್ಯಾಲರಿ. ಗುಡ್ಡ ಹತ್ತುವವರ ಮೈಯಲ್ಲಿ ಒಂದೂವರೆ ಗಂಟೆಯಲ್ಲಿ ಹುಟ್ಟುವಷ್ಟು ಬಿಸಿ ಅದು. ಎಂದರೆ ಗಂಟೆಗೆ ಮುಕ್ಕಾಲು ಲೀಟರಿಗೂ ಕಡಿಮೆ ಬೆವರು ನಮ್ಮನ್ನು ತಂಪಾಗಿಡಲು ಸಾಕು. ಒಂದು ಷರತ್ತಿದೆ: ಅದು ಪೂರ್ತಿ ಆರಬೇಕು.

ಮನುಷ್ಯನ ಮೈ ಕೂಡ ಇಂಥದೇ ಒಂದು ಮಡಕೆ. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ವ್ಯತ್ಯಾಸವಿಷ್ಟೇ: ಮಡಕೆಯೊಳಗೆ ಬಿಸಿ ಹುಟ್ಟುವುದಿಲ್ಲ, ನಮ್ಮೊಳಗೆ ಹುಟ್ಟುತ್ತಲೇ ಇರುತ್ತದೆ.

ಈಗ ಅದೇ ಮಡಕೆಯನ್ನು ಕಲಬುರಗಿಯಿಂದ ವಿಲೆ ಪಾರ್ಲೆಗೆ ತನ್ನಿ. ಮೇ ತಿಂಗಳ ಒಂದು ಮಧ್ಯಾಹ್ನ ಕಲಬುರಗಿಯಲ್ಲಿ 41 ಡಿಗ್ರಿ ತಾಪ, 20 ಶೇಕಡಾ ತೇವ ಇದೆಯೆನ್ನೋಣ. ವಿಲೆ ಪಾರ್ಲೆಯಲ್ಲಿ 33 ಡಿಗ್ರಿ, 70 ಶೇಕಡಾ ತೇವ. ಕಲಬುರಗಿಯ ನೆರಳಿನಲ್ಲಿಟ್ಟ ಒಳ್ಳೆಯ ಮಡಕೆಯ ನೀರು 23–24 ಡಿಗ್ರಿಯವರೆಗೂ ತಣಿಯಬಲ್ಲದು. ವಿಲೆ ಪಾರ್ಲೆಯ ಮಡಕೆ ಎಷ್ಟೇ ಒಳ್ಳೆಯದಾಗಿರಲಿ, 28 ಡಿಗ್ರಿಗಿಂತ ಕೆಳಗೆ ಇಳಿಯಲಾರದು. ಗಾಳಿ ಎಂಟು ಡಿಗ್ರಿ ಹೆಚ್ಚು ಕಾದ ಊರಲ್ಲೇ ನೀರು ನಾಲ್ಕೈದು ಡಿಗ್ರಿ ಹೆಚ್ಚು ತಂಪು!

ಇದರ ಗುಟ್ಟು ಇರುವುದು ಗಾಳಿಯಲ್ಲಿ ಈಗಾಗಲೇ ಇರುವ ನೀರಿನಲ್ಲಿ. ಬೆವರಿದ ಚರ್ಮಕ್ಕೆ ಒತ್ತಿಕೊಂಡಿರುವ ತೆಳುವಾದ ಗಾಳಿಯ ಪದರವನ್ನು ಒಂದು ಘನ ಮೀಟರಿನಷ್ಟು ಕೂಡಿಸಿ ಅಳೆದರೆ ಅದರಲ್ಲಿ ಸುಮಾರು 40 ಗ್ರಾಂ ನೀರಾವಿ ಇರುತ್ತದೆ. ಕಲಬುರಗಿಯ ಆ ಮಧ್ಯಾಹ್ನದ ಗಾಳಿಯಲ್ಲಿ 11 ಗ್ರಾಂ. ವಿಲೆ ಪಾರ್ಲೆಯದರಲ್ಲಿ 25 ಗ್ರಾಂ. ಆವಿ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ಹರಿಯುತ್ತದೆ, ಇಳಿಜಾರು ಕಡಿದಾದಷ್ಟೂ ವೇಗವಾಗಿ ಹರಿಯುತ್ತದೆ. ಕಲಬುರಗಿಯಲ್ಲಿ ಆ ಅಂತರ 29 ಗ್ರಾಂ, ವಿಲೆ ಪಾರ್ಲೆಯಲ್ಲಿ 15. ಅರಬ್ಬೀ ಸಮುದ್ರದ ಪಕ್ಕದಲ್ಲಿ ನಮ್ಮ ಬೆವರು ಬಯಲುಸೀಮೆಯ ಅರ್ಧದಷ್ಟು ವೇಗದಲ್ಲಿ ಮಾತ್ರ ಆರುತ್ತದೆ.

ಆರದ ಬೆವರು ಏನಾಗುತ್ತದೆ? ಗದ್ದದಿಂದ, ಮೊಣಕೈಯಿಂದ ಹನಿಯಾಗಿ ನೆಲಕ್ಕೆ ಬೀಳುತ್ತದೆ. ಈ ಅಧ್ಯಾಯದಲ್ಲಿ ಒಂದೇ ಸಂಗತಿ ನೆನಪಿಡಬೇಕೆಂದರೆ ಅದು ಇದು: ಹನಿಯಾಗಿ ಬಿದ್ದ ಬೆವರು ಮೈಯನ್ನು ಒಂದಿಷ್ಟೂ ತಣಿಸುವುದಿಲ್ಲ. ಅದು ಬರೀ ನಷ್ಟ, ನೀರೂ ಹೋಯಿತು, ಉಪ್ಪೂ ಹೋಯಿತು, ಬಿಸಿ ಮಾತ್ರ ಒಳಗೇ ಉಳಿಯಿತು. ಮೈ ತಣಿಯಲಿಲ್ಲವೆಂದು ಮಿದುಳು ಇನ್ನಷ್ಟು ಬೆವರಲು ಹೇಳುತ್ತದೆ. ಅದೂ ಹನಿಯಾಗಿ ಬೀಳುತ್ತದೆ. ಮುಂಬಯಿಯ ಕಾಡುದಾರಿಯಲ್ಲಿ ಸುರಿಯುವಂತೆ ಬೆವರುವವರನ್ನು ಕಂಡು “ಒಳ್ಳೆಯದೇ, ಮೈ ಹಗುರಾಗುತ್ತದೆ” ಎನ್ನುವವರಿದ್ದಾರೆ. ನನಗೆ ಅದು ಅಪಾಯದ ಮಾತಾಗಿ ಕೇಳಿಸುತ್ತದೆ.

ಲಂಡನ್ನಿನ ಬಿಸಿ ಕೋಣೆ

ಒಣ ಸೆಕೆಯನ್ನು ಮನುಷ್ಯ ಎಷ್ಟರಮಟ್ಟಿಗೆ ತಾಳಬಲ್ಲ ಎಂಬುದನ್ನು ಎರಡೂವರೆ ಶತಮಾನದ ಹಿಂದೆಯೇ ಕೆಲವರು ಸ್ವಂತ ಮೈಮೇಲೆ ಪರೀಕ್ಷಿಸಿ ನೋಡಿದ್ದರು. ಲಂಡನ್ನಿನ ವೈದ್ಯ ಜಾರ್ಜ್ ಫೋರ್ಡೈಸ್ ಕಾಯಿಸಿಟ್ಟ ಕೋಣೆಗಳಿಗೆ 1774ರಲ್ಲಿ ಚಾರ್ಲ್ಸ್ ಬ್ಲ್ಯಾಗ್ಡನ್ ಮತ್ತು ಗೆಳೆಯರು ಹೊಕ್ಕರು. ಒಂದು ಹಂತದಲ್ಲಿ ಕೋಣೆಯ ತಾಪ ಸುಮಾರು 127 ಡಿಗ್ರಿ ಸೆಲ್ಸಿಯಸ್, ನೀರು ಕುದಿಯುವ ಮಟ್ಟಕ್ಕಿಂತಲೂ ಮೇಲೆ. ಅದೇ ಕೋಣೆಯಲ್ಲಿಟ್ಟ ಮೊಟ್ಟೆಗಳು ಗಟ್ಟಿಯಾಗಿ ಬೆಂದವು, ಮಾಂಸದ ತುಂಡು ಒಣಗಿಹೋಯಿತು. ಒಳಗೆ ನಿಂತ ಮನುಷ್ಯರು ಮಾತ್ರ ಕೆಲವು ನಿಮಿಷಗಳ ನಂತರ ಕ್ಷೇಮವಾಗಿ ಹೊರಬಂದರು. ಅವರ ಒಳಮೈಯ ತಾಪ ಅಷ್ಟಾಗಿ ಏರಿರಲಿಲ್ಲ.

ಗಾಳಿ ಕಾದಿತ್ತು, ಆದರೆ ಒಣಗಿತ್ತು. ಚರ್ಮದ ಮೇಲೆ ಜಿನುಗಿದ ಬೆವರು ಕ್ಷಣಕ್ಷಣಕ್ಕೂ ಆರುತ್ತಿತ್ತು. ಕೋಣೆಯೊಳಗೆ ಕುದಿನೀರು ಸುರಿದು ಹಬೆ ತುಂಬಿದ ಪ್ರಯೋಗಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ತಾಪವೂ ಸಹಿಸಲಾಗದಂತಾಯಿತು. ವಿಲೆ ಪಾರ್ಲೆಗೆ ಬಂದ ಕಲಬುರಗಿಯ ನೆಂಟರು ದೂರುವುದೂ ಇದನ್ನೇ.

ಹಾಗೆಂದು ಒಣ ಬಿಸಿಲು ನಿರಪಾಯಕಾರಿ ಎಂದುಕೊಳ್ಳಬಾರದು. ಅಲ್ಲಿ ಬೆವರು ಕಾಣುವ ಮುನ್ನವೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂಬುದೇ ತಿಳಿಯದು. ರಾಯಚೂರು, ಕಲಬುರಗಿಗಳಲ್ಲಿ ಬಿಸಿಲಿಗೆ ಸಾಯುವವರು ಹೊಲದಲ್ಲಿ, ರಸ್ತೆ ಕೆಲಸದಲ್ಲಿ ದುಡಿಯುವ ಬಡವರು. ಅದು ಬೇರೆಯೇ ಅಧ್ಯಾಯಕ್ಕೆ ಸೇರಿದ ದುಃಖ.

ಪೆಟ್ಟಿಗೆಯೊಳಗಿನ ಒದ್ದೆ ಬಟ್ಟೆ

ಮುಂಬಯಿಯ ತಾಪವೆಂದು ಪತ್ರಿಕೆಗಳು ಅಚ್ಚು ಹಾಕುವ ಅಂಕಿಗಳಲ್ಲಿ ಒಂದು ಕೊಲಾಬಾದ್ದು, ಇನ್ನೊಂದು ವಿಲೆ ಪಾರ್ಲೆಯ ಮಗ್ಗುಲಲ್ಲೇ ಇರುವ ಸಾಂತಾಕ್ರೂಜ್ ವೀಕ್ಷಣಾಲಯದ್ದು. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಿಸಿದ್ದು ಇದೇ ವೀಕ್ಷಣಾಲಯ. ಇಂಥ ಕೇಂದ್ರಗಳಲ್ಲಿ ಬಿಳಿ ಬಣ್ಣ ಬಳಿದ, ಗಾಳಿಯಾಡುವಂತೆ ಓರೆಪಟ್ಟಿಗಳನ್ನು ಜೋಡಿಸಿದ ಮರದ ಪೆಟ್ಟಿಗೆಯೊಂದು ಎದೆಮಟ್ಟದ ಕಾಲುಗಳ ಮೇಲೆ ನಿಂತಿರುತ್ತದೆ. ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ 19ನೇ ಶತಮಾನದಲ್ಲಿ ರೂಪಿಸಿದ ಪೆಟ್ಟಿಗೆ ಅದು. ‘ಟ್ರೆಷರ್ ಐಲ್ಯಾಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್‌ನ ತಂದೆ ಈತ.

ಪೆಟ್ಟಿಗೆಯೊಳಗೆ ಅಕ್ಕಪಕ್ಕ ನಿಲ್ಲಿಸಿದ ಎರಡು ಉಷ್ಣಮಾಪಕಗಳನ್ನು ಹತ್ತಿರದಿಂದ ನೋಡಬೇಕು. ಒಂದರ ಬುರುಡೆ ಬರಿದಾಗಿದೆ. ಇನ್ನೊಂದರ ಬುರುಡೆಗೆ ತೆಳುವಾದ ಮಸ್ಲಿನ್ ಬಟ್ಟೆ ಸುತ್ತಿದೆ, ಅದರಿಂದ ಇಳಿಬಿಟ್ಟ ಬತ್ತಿ ಒಂದು ಪುಟ್ಟ ನೀರಿನ ಸೀಸೆಯಲ್ಲಿ ಮುಳುಗಿದೆ. ಬಟ್ಟೆ ಸದಾ ಒದ್ದೆ. ನೀರು ಆರಿದಂತೆಲ್ಲ ಆ ಬುರುಡೆ ತಣಿಯುತ್ತದೆ, ಪಾದರಸ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆಂಬುದು ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲೆ ನಿಂತಿದೆ. ಬರಿಯ ಬುರುಡೆ ತೋರಿಸುವುದನ್ನು ಒಣ ತಾಪ ಎನ್ನೋಣ, ಬಟ್ಟೆ ಸುತ್ತಿದ್ದು ತೋರಿಸುವುದನ್ನು ಒದ್ದೆ ತಾಪ ಎನ್ನೋಣ. ಹವಾಮಾನದವರು ಇದನ್ನು ವೆಟ್ ಬಲ್ಬ್ ಎಂದೇ ಕರೆಯುವುದು. ನಮ್ಮ ಮಡಕೆ ಮುಟ್ಟಬಲ್ಲ ಅತಿ ಕೆಳಗಿನ ತಾಪ ಇದೇ. ಕಲಬುರಗಿಯ ಆ ಮಧ್ಯಾಹ್ನದ ಒದ್ದೆ ತಾಪ 23ರ ಹತ್ತಿರ, ವಿಲೆ ಪಾರ್ಲೆಯದು 28 ದಾಟಿದೆ. ಮೈಯ ಕಡೆಯಿಂದ ನೋಡಿದರೆ ಹೆಚ್ಚು ಸೆಕೆಯ ಊರು ವಿಲೆ ಪಾರ್ಲೆಯೇ.

ಮನೆಯಲ್ಲೂ ಇದನ್ನು ಅಳೆಯಬಹುದು. ಶಾಲೆಯ ಪ್ರಯೋಗಾಲಯದಲ್ಲಿ ಬಳಸುವಂಥ ಸಾದಾ ಉಷ್ಣಮಾಪಕ ಬೇಕು. ಜ್ವರ ನೋಡುವುದು ಕೆಲಸಕ್ಕೆ ಬಾರದು, ಅದರ ಅಂಕಿಗಳು ಶುರುವಾಗುವುದೇ 35ರಿಂದ. ಬುರುಡೆಗೆ ಹಳೆಯ ಹತ್ತಿ ಪಂಚೆಯ ಚಿಂದಿಯನ್ನು ಸುತ್ತಿ, ಒದ್ದೆ ಮಾಡಿ, ಫ್ಯಾನಿನ ಗಾಳಿಗೆ ಐದು ನಿಮಿಷ ಹಿಡಿದು ಓದಿ. ಜೂನ್ ಮೊದಲ ವಾರ ಮುಂಗಾರಿಗೆ ಮುನ್ನ ಒಮ್ಮೆ, ಜನವರಿಯಲ್ಲಿ ಒಮ್ಮೆ ಮಾಡಿ ನೋಡಿದರೆ ಇಡೀ ವರ್ಷದ ಚಾರಣದ ಯೋಜನೆ ತಾನಾಗಿ ಹೊಳೆಯುತ್ತದೆ.

ಒದ್ದೆ ತಾಪದ ಮಹತ್ವವನ್ನು ಮೊದಲು ಒತ್ತಿ ಹೇಳಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಕಾರ್ನ್‌ವಾಲಿನ ಆಳದ ಗಣಿಗಳಲ್ಲಿ ಕಾರ್ಮಿಕರು ಪಡುವ ಪಾಡನ್ನು ಅಧ್ಯಯನ ಮಾಡಿ 1905ರಲ್ಲಿ ಅವರು ಬರೆದದ್ದು ಇಷ್ಟು: ಒಣ ತಾಪ ಎಷ್ಟಾದರೂ ಇರಲಿ, ಗಾಳಿಯಾಡದ ಜಾಗದಲ್ಲಿ ಒದ್ದೆ ತಾಪ 31 ದಾಟಿದರೆ ಅಂಗಿ ಕಳಚಿ ಸುಮ್ಮನೆ ಕೂತವನ ಒಳಮೈಯೂ ಕಾಯತೊಡಗುತ್ತದೆ. ಮುಂದೆ 2010ರಲ್ಲಿ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಎಂಬ ವಿಜ್ಞಾನಿಗಳು ಮನುಷ್ಯನ ಕೊನೆಯ ಗಡಿ 35 ಎಂದು ಲೆಕ್ಕ ಹಾಕಿದರು. ಅದು ಚರ್ಮದ ತಾಪವೇ. ಮಡಕೆಯ ಹೊರಮೈ ಮತ್ತು ಅದು ತಣಿಯಬಲ್ಲ ಮಿತಿ ಒಂದೇ ಆದಾಗ ಬಿಸಿ ಹೋಗಲು ಜಾಗವೇ ಇರುವುದಿಲ್ಲ. ಆದರೆ 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನು ತೇವದ ಕೋಣೆಯಲ್ಲಿಟ್ಟು, ಮನೆಗೆಲಸದಷ್ಟು ಹಗುರವಾದ ಚಟುವಟಿಕೆ ಮಾಡಿಸಿ ನೋಡಿದಾಗ, ಅವರ ಮೈ ಹಿಡಿತ ತಪ್ಪಿದ್ದು 30–31ರಲ್ಲೇ. ನೂರ ಹದಿನೇಳು ವರ್ಷಗಳ ಹಿಂದಿನ ಹಾಲ್ಡೇನರ ಅಂಕಿ ಎಷ್ಟು ಗಟ್ಟಿಯಾದದ್ದು! ಮುಂಬಯಿಯ ಮೇ ತಿಂಗಳ 28ಕ್ಕೂ ಆ ಗಡಿಗೂ ನಡುವೆ ಉಳಿದಿರುವುದು ಎರಡು ಮೂರು ಡಿಗ್ರಿ. ಅದೂ ಹಗುರ ಚಟುವಟಿಕೆಯವರಿಗೆ. ಬೆನ್ನಿಗೆ ಚೀಲ ಹಾಕಿ ಏರು ಹತ್ತುವವರಿಗೆ ಆ ಅಂತರವೂ ಇಲ್ಲ.

ಲೋಕಲ್ ನಿಂತಾಗ

ವಿಲೆ ಪಾರ್ಲೆಯಿಂದ ಬೋರಿವಲಿಗೆ ಹೋಗುವ ಸ್ಲೋ ಲೋಕಲ್ಲೇ ಒಂದು ಒಳ್ಳೆಯ ಪ್ರಯೋಗಶಾಲೆ. ಕಿಟಕಿ ಪಕ್ಕ ಜಾಗ ಸಿಕ್ಕರೆ ಮುಂಗೈಯನ್ನು ಗಮನಿಸಿ. ಅಂಧೇರಿ ಬಿಟ್ಟು ರೈಲು ವೇಗ ಹಿಡಿದಂತೆ ಕೈಮೇಲಿನ ಬೆವರು ಆರಿ ಚರ್ಮ ಒಣಗುತ್ತದೆ. ಜೋಗೇಶ್ವರಿಯಲ್ಲಿ ನಿಂತಾಗ ರೋಮದ ಬುಡದಲ್ಲಿ ಸಣ್ಣ ಮಣಿಗಳು ಮೂಡುತ್ತವೆ. ಹೊರಟರೆ ಮಾಯ. ಮಲಾಡ್‌ನಲ್ಲಿ ಸಿಗ್ನಲ್ಲಿಗೆ ಕಾದರೆ ಮಣಿಗಳು ಕೂಡಿ ಹರಿಯುತ್ತವೆ. ಈ ಹೊತ್ತಿನಲ್ಲಿ ಗಾಳಿಯ ತಾಪವಾಗಲಿ ತೇವವಾಗಲಿ ಬದಲಾಗಿಲ್ಲ. ಚರ್ಮಕ್ಕಂಟಿದ, ಆವಿಯಿಂದ ತುಂಬಿಹೋದ ಆ ತೆಳು ಪದರ ಮಾತ್ರ ಬೀಸುಗಾಳಿಗೆ ಹಾರಿಹೋಗುತ್ತಿದೆ, ನಿಂತಾಗ ಮತ್ತೆ ಕಟ್ಟಿಕೊಳ್ಳುತ್ತಿದೆ.

ಕಾಡುದಾರಿಯ ಬಗ್ಗೆ ನಮಗಿರುವ ಒಂದು ನಂಬಿಕೆಯನ್ನು ಇದು ಅಲುಗಾಡಿಸುತ್ತದೆ. ಮರಗಳ ನಡುವೆ ತಂಪಿರುತ್ತದೆ ಎನ್ನುತ್ತೇವೆ. ಬಿಸಿಲು ತಪ್ಪುವುದು ನಿಜ, ಮತ್ತು ಅದು ಬಹಳ ದೊಡ್ಡ ಲಾಭ. ಕಾಂಕ್ರೀಟಿನ ವಿಲೆ ಪಾರ್ಲೆಗಿಂತ ಕಾಡು ಮೂರು ನಾಲ್ಕು ಹೆಜ್ಜೆಯಲ್ಲೇ ಹಿತವೆನಿಸುತ್ತದೆ. ಆದರೆ ಎಲೆಗಳೂ ಹಗಲೆಲ್ಲ ನೀರಾವಿ ಬಿಡುತ್ತವೆ, ದಟ್ಟ ಪೊದೆಗಳು ಕಡಲಗಾಳಿಯನ್ನು ತಡೆಯುತ್ತವೆ. ಮುಂಗಾರಿನ ನಂತರ ಕಾರ್ವಿ ಗಿಡಗಳು ಆಳೆತ್ತರ ಬೆಳೆದು ನಿಂತ ಇಕ್ಕಟ್ಟು ದಾರಿಯಲ್ಲಿ ಎಲೆ ಅಲ್ಲಾಡುವುದಿಲ್ಲ. ಎಂಟು ವರ್ಷಕ್ಕೊಮ್ಮೆ ಅರಳುವ ಈ ಗಿಡ ಇಲ್ಲಿ 2016ರಲ್ಲಿ, ಮತ್ತೆ 2024ರಲ್ಲಿ ಹೂ ಬಿಟ್ಟಿತು. ನೇರಳೆ ಹೂವಿನ ಇಳಿಜಾರನ್ನು ನೋಡಲೆಂದು ಹೋದವರಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ನಿಂತ ಗಾಳಿಯ ಸೆಕೆಯೂ ಚೆನ್ನಾಗಿ ಪರಿಚಯವಾಗಿರುತ್ತದೆ. ಇನ್ನೊಂದು ಕಡೆ, ಏಪ್ರಿಲ್ ಹೊತ್ತಿಗೆ ಸಾಗವಾನಿ ಎಲೆ ಉದುರಿಸಿ ನಿಂತಿರುವುದರಿಂದ ಗಾಳಿ ಸಿಗುತ್ತದೆ, ನೆರಳು ಸಿಗುವುದಿಲ್ಲ.

ಹಾಗಾಗಿ ದಣಿವಾರಿಸಿಕೊಳ್ಳಲು ಜಾಗ ಹುಡುಕುವಾಗ ನೆರಳೊಂದನ್ನೇ ನೋಡಬೇಡಿ. ನೆರಳೂ ಗಾಳಿಯೂ ಕೂಡಿದ ಜಾಗ ನೋಡಿ: ಗುಡ್ಡದ ಏಣಿನ ಮೇಲಿನ ಮರದ ಬುಡ, ಕೆರೆ ಕಡೆಗೆ ತೆರೆದ ಅಂಚು. ಹಳ್ಳದ ತಗ್ಗಿನಲ್ಲಿ ಕೂತರೆ ತಂಪೆನಿಸಿದರೂ ಬೆವರು ಆರದು.

ಬೆಳಗಿನ 85 ಶೇಕಡಾ

ಇಲ್ಲೊಂದು ಗೊಂದಲ ಹಲವರನ್ನು ಕಾಡುತ್ತದೆ. ಬೆಳಗ್ಗೆ ಆರಕ್ಕೆ ಫೋನಿನಲ್ಲಿ ನೋಡಿದರೆ ತೇವ 85 ಶೇಕಡಾ, ಮಧ್ಯಾಹ್ನ ಎರಡಕ್ಕೆ 65. ಹಾಗಾದರೆ ಮಧ್ಯಾಹ್ನವೇ ಬೆವರು ಬೇಗ ಆರಬೇಕಲ್ಲ? ಬೆಳಗ್ಗೆಯೇ ಹೋಗಿ ಎಂದು ಹಿರಿಯರು ಹೇಳುವುದೇಕೆ?

ಶೇಕಡಾ ಅಂಕಿ ಹೇಳುವುದು ಗಾಳಿಯಲ್ಲಿ ನೀರು ಎಷ್ಟಿದೆ ಎಂಬುದನ್ನಲ್ಲ, ಆ ತಾಪದಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನು. ಬಿಸಿ ಗಾಳಿ ಹೆಚ್ಚು ನೀರು ಹಿಡಿಯಬಲ್ಲದು. ಬೆಳಗ್ಗೆ 28 ಡಿಗ್ರಿಯಲ್ಲಿ 85 ಶೇಕಡಾ ಎಂದರೆ ಘನ ಮೀಟರಿಗೆ 23 ಗ್ರಾಂ ನೀರು. ಮಧ್ಯಾಹ್ನ 33 ಡಿಗ್ರಿಯಲ್ಲಿ 65 ಶೇಕಡಾ ಎಂದರೂ ಅದೇ 23 ಗ್ರಾಂ. ಸಮುದ್ರ ಪಕ್ಕದಲ್ಲಿರುವಾಗ ದಿನವಿಡೀ ಗಾಳಿಯ ನೀರು ಹೆಚ್ಚೇನೂ ಬದಲಾಗುವುದಿಲ್ಲ. ಬೆವರು ಆರುವ ವೇಗ ಎರಡು ಹೊತ್ತಿನಲ್ಲೂ ಸರಿಸುಮಾರು ಒಂದೇ. ಆದರೆ ಬೆಳಗಿನ ಗಾಳಿ ಚರ್ಮಕ್ಕಿಂತ ಏಳು ಡಿಗ್ರಿ ತಂಪಾಗಿರುವುದರಿಂದ ಮೊದಲ ದಾರಿ ತೆರೆದಿರುತ್ತದೆ. ರಾತ್ರಿಯೆಲ್ಲ ತಣಿದ ನೆಲ, ಬಂಡೆಗಳಿಂದಾಗಿ ಎರಡನೆಯದೂ ತೆರೆದಿರುತ್ತದೆ. ಬಿಸಿಲಂತೂ ಇಲ್ಲವೇ ಇಲ್ಲ. ಒದ್ದೆ ತಾಪವನ್ನು ಅಳೆದರೆ ಬೆಳಗ್ಗೆ 26ರ ಸುತ್ತ, ಮಧ್ಯಾಹ್ನ 27.5. ಹಿರಿಯರ ಮಾತೇ ಸರಿ.

ಬಂಡೆಯ ವಿಷಯಕ್ಕೆ ಬಂದರೆ ಕಾನ್ಹೇರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಕ್ರಿಸ್ತಪೂರ್ವ 1ನೇ ಶತಮಾನದಿಂದ ಸುಮಾರು ಸಾವಿರ ವರ್ಷ ಬೌದ್ಧ ಭಿಕ್ಷುಗಳು ವಾಸಿಸಿದ, ಕಪ್ಪು ಬಸಾಲ್ಟ್ ಶಿಲೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು ಇಲ್ಲಿವೆ. 9ನೇ ಶತಮಾನದ ಇಲ್ಲಿಯ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ, ಕೊಂಕಣವನ್ನು ಆಗ ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರು. ಕನ್ನಡಿಗರು ಆ ಮೆಟ್ಟಿಲು ಹತ್ತಲು ಇದೂ ಒಂದು ಕಾರಣ. ಹೊತ್ತೇರಿದ ಮೇಲೆ ಆ ಕರಿಬಂಡೆ ಬಿಸಿಲನ್ನು ಹೀರಿ ಕೆಂಡದಂತೆ ಕಾಯುತ್ತದೆ, ಬರಿಗಾಲು ಇಡಲಾಗದು. ಹತ್ತುವವರ ಮೈಗೆ ಮೇಲಿನಿಂದ ಸೂರ್ಯ, ಕೆಳಗಿನಿಂದ ಬಂಡೆ, ಎರಡೂ ಕಡೆಯಿಂದ ಬಿಸಿ. ಅಲ್ಲಿಂದ ನಾಲ್ಕು ಹೆಜ್ಜೆ ಗುಹೆಯೊಳಗೆ ಇಟ್ಟರೆ ಬಿಸಿಲು ಕಾಣದ ಗೋಡೆಗಳು ಮೈಗಿಂತ ತಂಪಾಗಿವೆ. ಕಲ್ಲಿನ ಜಗಲಿಯ ಮೇಲೆ ಕೂತರೆ ಬಿಸಿ ಗೋಡೆಯತ್ತ ಹೋಗತೊಡಗುತ್ತದೆ. ಬೆವರು ಆರದಿದ್ದರೂ ಮೈ ಹಗುರಾಗುತ್ತದೆ. ಬಹುಪಾಲು ಗುಹೆಗಳ ಬದಿಯಲ್ಲಿ ಕಲ್ಲಿನಲ್ಲಿ ಕೊರೆದ ನೀರಿನ ತೊಟ್ಟಿಗಳಿವೆ, ಮಳೆನೀರನ್ನು ಅವುಗಳಿಗೆ ತರುವ ಸಣ್ಣ ಕಾಲುವೆಗಳಿವೆ. ಸೆಕೆಯ ಗುಡ್ಡದ ಮೇಲೆ ಬದುಕಲು ಏನು ಬೇಕೆಂದು ಆ ಭಿಕ್ಷುಗಳಿಗೆ ಚೆನ್ನಾಗಿ ಗೊತ್ತಿತ್ತು.

ಹೃದಯದ ಮೇಲೆ ಬೀಳುವ ಹೊರೆ

ಬಿಸಿಯನ್ನು ಒಳಗಿನಿಂದ ಚರ್ಮದವರೆಗೆ ಹೊತ್ತು ತರುವುದು ರಕ್ತ. ಏರುದಾರಿಯಲ್ಲಿ ಕಾಲಿನ ಸ್ನಾಯುಗಳಿಗೂ ಅದೇ ರಕ್ತ ಬೇಕು. ಎರಡೂ ಕಡೆಗೆ ಒದಗಿಸಲು ಹೃದಯ ಜೋರಾಗಿ ಬಡಿಯುತ್ತದೆ. ಈ ನಡುವೆ ಹನಿಯಾಗಿ ಬಿದ್ದ ಬೆವರೆಲ್ಲ ರಕ್ತದಿಂದಲೇ ಹೋದ ನೀರು, ಹಾಗಾಗಿ ರಕ್ತದ ಪ್ರಮಾಣ ಇಳಿಯುತ್ತ ಬರುತ್ತದೆ. ಅದೇ ನಡಿಗೆ, ಅದೇ ದಾರಿ, ಆದರೂ ಒಂದು ಗಂಟೆಯ ನಂತರ ಎದೆ ಮೊದಲಿಗಿಂತ ಜೋರಾಗಿ ಹೊಡೆದುಕೊಳ್ಳುವುದು ಇದರಿಂದ. ಹೃದ್ರೋಗಿಗಳು, ವಯಸ್ಸಾದವರು ಸೆಕೆಯಲ್ಲಿ ಮೊದಲು ಕುಸಿಯುವುದೂ ಇದೇ ಕಾರಣಕ್ಕೆ.

ನೀರಿನ ಜೊತೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಉಪ್ಪು ತೆಳುವಾಗಿ ತಲೆಸುತ್ತು, ಹೊಟ್ಟೆತೊಳಸು ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು, ನಮ್ಮ ಕರಾವಳಿಯವರ ಪುನರ್ಪುಳಿ, ಇಲ್ಲಿಯವರ ಕೋಕಂ, ಔಷಧಿ ಅಂಗಡಿಯ ಓಆರ್‌ಎಸ್, ಯಾವುದಾದರೂ ಸರಿ. ಮೈಗೆ ಅಭ್ಯಾಸವೂ ಆಗುತ್ತದೆ: ಒಂದೆರಡು ವಾರ ದಿನಾ ಸ್ವಲ್ಪ ಹೊತ್ತು ಸೆಕೆಯಲ್ಲಿ ನಡೆದರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ವಾರವಿಡೀ ಎಸಿ ಕಚೇರಿಯಲ್ಲಿ ಕೂತು ಭಾನುವಾರ ಮಾತ್ರ ಗುಡ್ಡ ಹತ್ತುವವರಿಗೆ ಈ ರಕ್ಷಣೆ ಇಲ್ಲ. ಬೆಂಗಳೂರಿನಿಂದ ಬಂದು ಮರುದಿನವೇ ಹೊರಡುವವರಿಗೂ ಇಲ್ಲ. ಇನ್ನು ಬೆವರು ಒರೆಸುವ ವಿಚಾರ: ಹನಿಯಾಗಿ ಬೀಳುವ ಹೆಚ್ಚುವರಿಯನ್ನು ಒರೆಸಿದರೆ ನಷ್ಟವಿಲ್ಲ, ಚರ್ಮವನ್ನು ಪೂರ್ತಿ ಒಣಗಿಸಿದರೆ ಆರಬೇಕಾದದ್ದನ್ನೇ ಕಳೆದಂತೆ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ರಾಜ್ಯ ಪ್ರಶಸ್ತಿ ಪ್ರದಾನದ ಸಮಾರಂಭ ಬಯಲಿನಲ್ಲಿ ನಡೆಯಿತು. ತಾಪ 38ರ ಆಸುಪಾಸು ಇತ್ತು. ಕಲಬುರಗಿಯವರು ಬಿಸಿಲೆಂದೇ ಎಣಿಸದ ಅಂಕಿ ಅದು. ಬೆಳಗಿನಿಂದ ಬಿಸಿಲಲ್ಲಿ ಒತ್ತಾಗಿ ಕೂತ ಜನಸಾಗರದಲ್ಲಿ 14 ಮಂದಿ ಪ್ರಾಣ ಕಳೆದುಕೊಂಡರು. ಅವರು ಗುಡ್ಡ ಹತ್ತುತ್ತಿರಲಿಲ್ಲ, ಕೂತಿದ್ದರು. ಬಯಲುಸೀಮೆಗೆ 40, ಕರಾವಳಿಗೆ 37 ಎಂದು ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆಗೆ ಬೇರೆ ಬೇರೆ ಮಿತಿ ಇಟ್ಟಿರುವುದರ ಹಿಂದೆ ಇಂಥ ಅನುಭವವಿದೆ.

1950ರ ದಶಕದಲ್ಲಿ ಅಮೆರಿಕದ ಮರೀನ್ ಪಡೆಯ ತರಬೇತಿ ಶಿಬಿರವಾದ ಪ್ಯಾರಿಸ್ ಐಲ್ಯಾಂಡ್‌ನಲ್ಲಿ ಕವಾಯತು ಮಾಡುತ್ತಿದ್ದ ಹುಡುಗರು ಸೆಕೆಗೆ ಬಲಿಯಾಗತೊಡಗಿದಾಗ ಅಲ್ಲಿಯವರು ಒಂದು ಅಳತೆ ಕಂಡುಕೊಂಡರು. ನೂರರಲ್ಲಿ 70 ಪಾಲು ಒದ್ದೆ ತಾಪಕ್ಕೆ, 20 ಪಾಲು ಬಿಸಿಲಲ್ಲಿಟ್ಟ ಕಪ್ಪು ಗೋಳದ ತಾಪಕ್ಕೆ, ನಾವು ದಿನಾ ಕೇಳುವ ಒಣ ತಾಪಕ್ಕೆ ಬರೀ 10. ಆ ಅಂಕಿ ಏರಿದಂತೆ ಶಿಬಿರದಲ್ಲಿ ಹಸಿರು, ಹಳದಿ, ಕೆಂಪು ಬಾವುಟ ಏರುತ್ತದೆ. 32 ದಾಟಿದರೆ ಕಪ್ಪು ಬಾವುಟ, ಕವಾಯತು ಬಂದ್. ಇದಕ್ಕೆ ಬೇಕಾಗುವ ಸಲಕರಣೆ ದುಬಾರಿಯಲ್ಲ. ಬೋರಿವಲಿಯ ಮುಖ್ಯದ್ವಾರದ ಟಿಕೆಟ್ ಕಿಟಕಿಯ ಬಳಿ, ಕಾನ್ಹೇರಿಯ ಮೆಟ್ಟಿಲ ಬುಡದಲ್ಲಿ ಆ ಹೊತ್ತಿನ ಅಂಕಿ ತೋರಿಸುವ ಫಲಕವೊಂದನ್ನು ಮರಾಠಿಯಲ್ಲಿ, ಹಿಂದಿಯಲ್ಲಿ ಬರೆದು ನಿಲ್ಲಿಸಬೇಕೆಂದು ಅರಣ್ಯ ಇಲಾಖೆಯನ್ನು ಕೇಳೋಣ. ಅದು ಬರುವವರೆಗೆ ನೀವೇ ನಿಮ್ಮ ತಂಡದ ಫಲಕವಾಗಿರಿ: ಮಾರ್ಚ್‌ನಿಂದ ಜೂನ್‌ವರೆಗೆ, ಮತ್ತೆ ಅಕ್ಟೋಬರಿನಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ನಡಿಗೆ ಶುರುಮಾಡಿ, ಹತ್ತರೊಳಗೆ ಇಳಿದುಬಿಡಿ. ಜೊತೆಯವರು ತಡವರಿಸಿ ಮಾತಾಡತೊಡಗಿದರೆ, ದಾರಿ ಮರೆತವರಂತೆ ನಿಂತರೆ, ಬೆವರು ಸುರಿಯುತ್ತಿದ್ದರೂ ಸರಿ, ನಿಂತಿದ್ದರೂ ಸರಿ, ಅಲ್ಲೇ ನೆರಳಿಗೆ ಮಲಗಿಸಿ. ಬಾಟಲಿಯ ನೀರನ್ನೆಲ್ಲ ಮೈಮೇಲೆ ಸುರಿದು ಕೈಗೆ ಸಿಕ್ಕಿದ್ದರಲ್ಲಿ ಬೀಸಿ, ಆಸ್ಪತ್ರೆಗೆ ಸಾಗಿಸಿ. ತುಸು ಹೊತ್ತು ಕಾದು ನೋಡೋಣ ಎನ್ನಬೇಡಿ.